ಕೋಟೆಯೊಳಗಿನ ದಂಡಿನ ಮನೆಗಳು

ದೆಹಲಿಯಲ್ಲಿ ಬಿಡಾರ ಹೂಡಿರುವ ಕನ್ನಡಿಗರಿಗೆ ವರ್ಷಕ್ಕೆ ಎರಡು ಮೂರು ಸಲವಾದರೂ ತಪ್ಪದೆ ಒದಗಿಬರುವ ಕರ್ತವ್ಯವೊಂದುಂಟು. ಊರಿನಿಂದ ಬಂದ ನೆಂಟರಿಷ್ಟರಿಗೆ ಕೆಂಪು ಕೋಟೆಯನ್ನು ತೋರಿಸುವುದೇ ಆ ಕರ್ತವ್ಯ. ಈ ಕೆಲಸದಲ್ಲಿ ನಾನು ಚೆನ್ನಾಗಿ ಪಳಗಿದ್ದೇನೆ. ಲಾಹೋರಿ ದರವಾಜೆಯನ್ನು ಹೊಕ್ಕು, ಛತ್ತಾ ಚೌಕದ ಬಳೆಯಂಗಡಿಗಳ ಮುಂದೆ ಹೆಂಗಸರು ಮಕ್ಕಳು ನಿಲ್ಲುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು, ನೌಬತ್ ಖಾನೆ, ದಿವಾನ್-ಇ-ಆಮ್, ರಂಗಮಹಲು, ದಿವಾನ್-ಇ-ಖಾಸ್ ಇವಿಷ್ಟನ್ನೂ ಎರಡು ಗಂಟೆಯೊಳಗೆ ಮುಗಿಸಿ, ಊಟದ ವೇಳೆಗೆ ಎಲ್ಲರನ್ನೂ ಮನೆಗೆ ತಲುಪಿಸಬಲ್ಲೆ. ನೆಂಟರು ಕೇಳುವ ಪ್ರಶ್ನೆಗಳೂ ನನಗೆ ಮೊದಲೇ ಗೊತ್ತು. ನವಿಲು ಸಿಂಹಾಸನ ಎಲ್ಲಿ ಹೋಯಿತು? ನಾದಿರ್ ಷಹನು 1739ರಲ್ಲಿ ಕೊಂಡೊಯ್ದನು. ಯಮುನೆ ಎಲ್ಲಿ? ಒಂದು ಕಾಲದಲ್ಲಿ ಈ ಗೋಡೆಯ ಬುಡದಲ್ಲೇ ಹರಿಯುತ್ತಿದ್ದಳು. ಈಗ ದೂರ ಸರಿದಿದ್ದಾಳೆ. ಪ್ರಧಾನಮಂತ್ರಿಗಳು ನಿಂತು ಮಾತನಾಡುವುದೆಲ್ಲಿ? ನಾವು ಒಳಹೊಕ್ಕ ಬಾಗಿಲಿನ ನೆತ್ತಿಯ ಮೇಲೆ.

ಆದರೆ ಅಲ್ಲಿ ಯಾರೂ ಏನೂ ಕೇಳದ ಕಟ್ಟಡಗಳು ಕೆಲವಿವೆ. ಅರಮನೆಗಳ ಸಾಲಿಗೂ ಪಶ್ಚಿಮದ ಗೋಡೆಗೂ ನಡುವೆ, ಹುಲ್ಲಿನ ಬಯಲಿನಲ್ಲಿ, ಉದ್ದನೆಯ ಬಹುಮಹಡಿ ಮನೆಗಳು ಕವಾಯತಿಗೆ ನಿಂತಂತೆ ನಿಂತಿವೆ. ಎತ್ತರವಾದ ಮಾಳಿಗೆ, ಒಂದರ ಪಕ್ಕಕ್ಕೊಂದು ಒಂದೇ ಅಳತೆಯ ಕಮಾನುಗಳು, ಕಮಾನಿನ ಹಿಂದೆ ಆಳವಾದ ಮೊಗಸಾಲೆ. ಹೂಬಳ್ಳಿಯ ಕೆತ್ತನೆಯಿಲ್ಲ, ಅಮೃತಶಿಲೆಯಿಲ್ಲ, ಬಣ್ಣದ ಕಲ್ಲಿನ ಜಡಾವು ಇಲ್ಲ. ನಮ್ಮ ಸೋದರಮಾವ ಒಬ್ಬರು ಒಮ್ಮೆ ಅವುಗಳ ಕಡೆ ಕೊಡೆಯನ್ನು ಚಾಚಿ, “ಅದೇನೋ ಸರ್ಕಾರಿ ಕಚೇರಿ ಇರಬೇಕು” ಎಂದು ತಾವೇ ತೀರ್ಪು ಹೇಳಿ ಮುಂದೆ ನಡೆದುಬಿಟ್ಟರು. ಅವರ ಊಹೆ ತೀರ ಅಸಂಬದ್ಧವೇನಲ್ಲ. ಅವು ಇಂಗ್ಲಿಷರು ತಮ್ಮ ಸೈನಿಕರ ವಾಸಕ್ಕಾಗಿ ಕಟ್ಟಿದ ಬ್ಯಾರಕ್ಕುಗಳು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ದಂಡಿನ ಮನೆಗಳು. ಬಹುಕಾಲ ಜನರಿಗೆ ಪ್ರವೇಶವಿಲ್ಲದೆ ಇದ್ದ ಇವುಗಳಲ್ಲಿ ನಾಲ್ಕನ್ನು ದುರಸ್ತಿಗೊಳಿಸಿ ವಸ್ತುಸಂಗ್ರಹಾಲಯಗಳನ್ನಾಗಿ ಮಾರ್ಪಡಿಸಿ 2019ರ ಜನವರಿ 23ರಂದು, ಅಂದರೆ ನೇತಾಜಿ ಸುಭಾಷ್ ಚಂದ್ರ ಬೋಸರ ಜನ್ಮದಿನದಂದು, ತೆರೆಯಲಾಯಿತು.

ಕಳೆದ ಚಳಿಗಾಲದಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ, ಈ ಕಟ್ಟಡಗಳ ಇತಿಹಾಸವನ್ನು ನಾನು ವಿವರಿಸುತ್ತಿದ್ದಂತೆ ಒಬ್ಬಳು ಹುಡುಗಿ ತಡೆದು, “ಸಾರ್, ಅರಮನೆ ಒಡೆದು ಕಟ್ಟಿದ ಮನೆ ಇದು ಅಂದಿರಿ. ಸ್ವಾತಂತ್ರ್ಯ ಬಂದ ಮೇಲೆ ನಾವೇಕೆ ಇದನ್ನು ಒಡೆದುಹಾಕಲಿಲ್ಲ? ಒಡೆಯುವುದು ಬಿಟ್ಟು ರಿಪೇರಿ ಬೇರೆ ಮಾಡಿಸಿದ್ದಾರಲ್ಲ!” ಎಂದಳು. ಉಳಿದ ಮಕ್ಕಳು ನಕ್ಕರು. ಆಕೆ ನಗಲಿಲ್ಲ. ಅವಳ ಪ್ರಶ್ನೆ ನಕ್ಕು ತಳ್ಳಿಹಾಕುವಂಥದಾಗಿರಲಿಲ್ಲ. ನಿಂತಲ್ಲೇ ಎರಡು ಮಾತಿನಲ್ಲಿ ಉತ್ತರಿಸಿ ಮುಗಿಸುವಂಥದೂ ಆಗಿರಲಿಲ್ಲ. ಈ ಲೇಖನವು ಅವಳಿಗೂ, ಅವಳಂತೆ ಯೋಚಿಸುವ ಇತರ ವಿದ್ಯಾರ್ಥಿಗಳಿಗೂ ನಾನು ಕೊಡಬಯಸುವ ಉತ್ತರ.

ಮೊದಲು ಅವಳ ಪಕ್ಷವನ್ನೇ ಹಿಡಿದು ನೋಡೋಣ. ಷಹಜಹಾನ್ ಚಕ್ರವರ್ತಿಯು ಆಗ್ರಾದಿಂದ ರಾಜಧಾನಿಯನ್ನು ಇತ್ತ ಬದಲಾಯಿಸುವ ಸಂಕಲ್ಪದಿಂದ 1639ರಲ್ಲಿ ಈ ಕೋಟೆಯ ಕೆಲಸವನ್ನು ಆರಂಭಿಸಿದನು. ಉಸ್ತಾದ್ ಅಹಮದ್ ಲಾಹೋರಿಯು ಇದರ ಶಿಲ್ಪಿ. 1648ರಲ್ಲಿ ಕೋಟೆ ಸಿದ್ಧವಾಯಿತು. ನಾವು ಇಂದು ನೋಡುವ ನಾಲ್ಕಾರು ಮಂಟಪಗಳೇ ಆಗಿನ ಅರಮನೆಯೆಂದು ಭಾವಿಸಬಾರದು. ಅವುಗಳ ಸುತ್ತ ಅಂಗಳದ ಮೇಲೆ ಅಂಗಳ, ತೋಟದ ಪಕ್ಕದಲ್ಲಿ ತೋಟ, ರಾಣೀವಾಸದ ಚೌಕಗಳು, ಕಾರ್ಖಾನೆಗಳು, ಪಡಸಾಲೆಗಳು, ಇವೆಲ್ಲ ಹೆಣೆದುಕೊಂಡಿದ್ದುವು. ಗೋಡೆಯಿಂದ ಗೋಡೆಗೆ ಅದೊಂದು ಊರು.

1857ರ ಮೇ 11ರಂದು ಮೀರತ್ತಿನ ಸಿಪಾಯಿಗಳು ದೆಹಲಿಗೆ ಬಂದು, ವೃದ್ಧನಾದ ಬಹಾದೂರ್ ಷಹನನ್ನು ತಮ್ಮ ದೊರೆಯೆಂದು ಸಾರಿದರು. ಸೆಪ್ಟೆಂಬರಿನಲ್ಲಿ ಇಂಗ್ಲಿಷರು ನಗರವನ್ನು ಮತ್ತೆ ಗೆದ್ದುಕೊಂಡರು. 1858ರ ಜನವರಿ 27ರಿಂದ ಮಾರ್ಚ್ 9ರವರೆಗೆ ಮುದುಕ ದೊರೆಯ ವಿಚಾರಣೆ ಅವನದೇ ದಿವಾನ್-ಇ-ಖಾಸಿನಲ್ಲಿ ನಡೆಯಿತು. ಅವನನ್ನು ರಂಗೂನಿಗೆ ಗಡೀಪಾರು ಮಾಡಿದರು. 1862ರಲ್ಲಿ ಅಲ್ಲಿಯೇ ತೀರಿಕೊಂಡನು. ದೊರೆಯನ್ನು ಕಳುಹಿಸಿದ ಮೇಲೆ ಅವನ ಮನೆಯ ಸರದಿ ಬಂತು. ಕೋಟೆಯೊಳಗಿನ ಬಹುಪಾಲು ಕಟ್ಟಡಗಳನ್ನು ನೆಲಸಮ ಮಾಡಿದರು. ಅಂಗಳಗಳು ಹೋದುವು, ಪಡಸಾಲೆಗಳು ಹೋದುವು, ತೋಟಗಳು ಅಳಿಸಿಹೋದುವು. ತೆರವಾದ ನೆಲದ ಮೇಲೆ ಈ ದಂಡಿನ ಮನೆಗಳು ಎದ್ದುವು. ಉಳಿದುಕೊಂಡ ಮಹಲುಗಳೂ ಸೈನ್ಯದ ಉಪಯೋಗಕ್ಕೆ ಒಳಗಾದುವು. ಮುಮ್ತಾಜ್ ಮಹಲು ಕೆಲಕಾಲ ಸೈನಿಕರ ಸೆರೆಮನೆಯಾಗಿತ್ತು.

ಇದನ್ನು ಕಂಡು ಮರುಗಿದವರು ಭಾರತೀಯರು ಮಾತ್ರವಲ್ಲ. ಭಾರತದ ವಾಸ್ತುಶಿಲ್ಪದ ಇತಿಹಾಸವನ್ನು ಮೊಟ್ಟಮೊದಲು ವಿಸ್ತಾರವಾಗಿ ಬರೆದ ವಿದ್ವಾಂಸರಲ್ಲಿ ಒಬ್ಬನಾದ ಜೇಮ್ಸ್ ಫರ್ಗುಸನ್ ಎಂಬ ಸ್ಕಾಟ್ಲೆಂಡಿನವನು 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ತನ್ನ ದೇಶದವರೇ ಮಾಡಿದ ಈ ಧ್ವಂಸವನ್ನು ಕಟುವಾದ ಮಾತುಗಳಲ್ಲಿ ಖಂಡಿಸಿದ್ದಾನೆ. ಅವನ ದುಃಖದಲ್ಲಿ ಒಂದು ಅಂಶ ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಉಳಿದಿದೆ. ಕೆಡವಿದ್ದೇ ಒಂದು ಅನ್ಯಾಯವಾದರೆ, ಕೆಡವುವುದಕ್ಕೆ ಮುಂಚೆ ಆ ಅರಮನೆಯ ಒಂದು ನಕ್ಷೆಯನ್ನಾದರೂ ತೆಗೆದಿಡಬೇಕೆಂದು ಆ ಕೆಲಸ ಮಾಡಿಸಿದವರಿಗೆ ತೋರದೆ ಹೋದದ್ದು ಇನ್ನೊಂದು ಅನ್ಯಾಯ ಎಂಬುದು ಅವನ ಆಕ್ಷೇಪ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದರಿಂದ ನಮಗೆ ಕೆಲಸವಿದೆ.

ಹೀಗಿರುವಾಗ ನಮ್ಮ ಹುಡುಗಿಯ ಕೋಪ ನ್ಯಾಯವಾದದ್ದೇ ಸರಿ. ಆದರೂ ಈ ಮನೆಗಳನ್ನು ಉಳಿಸಿದ್ದು ಒಳ್ಳೆಯದಾಯಿತೆಂದು ನಾನು ಹೇಳುತ್ತೇನೆ. ಅದಕ್ಕೆ ನನ್ನಲ್ಲಿ ನಾಲ್ಕು ಕಾರಣಗಳಿವೆ.

ಮೊದಲನೆಯದು: ನ್ಯಾಯಾಲಯದಲ್ಲಿ ಸಜ್ಜನರಷ್ಟೇ ಸಾಕ್ಷಿ ಹೇಳುವುದಿಲ್ಲ. ಅಪರಾಧಿಯ ಕೈಯಲ್ಲಿದ್ದ ಕೊಡಲಿಯನ್ನೂ ತಂದು ಮೇಜಿನ ಮೇಲೆ ಇಡುತ್ತಾರೆ. ಕೊಡಲಿಯ ಮೇಲೆ ಗೌರವವಿದೆಯೆಂದು ಇಡುವುದಿಲ್ಲ. ನಡೆದದ್ದನ್ನು ಅದು ಹೇಳುತ್ತದೆಯೆಂದು ಇಡುತ್ತಾರೆ. ಬ್ಯಾರಕ್ಕುಗಳನ್ನು ಕೆಡವಿ, ಆ ಜಾಗದಲ್ಲಿ ಹಸುರು ಹುಲ್ಲನ್ನು ಬೆಳೆಸಿದ್ದರೆ, ಮೊಗಲರ ಅರಮನೆ ನಮಗೆ ಮರಳಿ ಸಿಕ್ಕುತ್ತಿರಲಿಲ್ಲ. ಅದು ಹೋದದ್ದು ಹೋಯಿತು. ಹೇಗೆ ಹೋಯಿತೆಂಬುದರ ಗುರುತು ಮಾತ್ರ ಅದರೊಂದಿಗೆ ಅಳಿಯುತ್ತಿತ್ತು. ಐವತ್ತು ವರ್ಷಗಳ ಮೇಲೆ ಕೋಟೆಗೆ ಬಂದ ಮಗುವು ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ನಿಂತ ಮಂಟಪಗಳನ್ನು ನೋಡಿ, ಷಹಜಹಾನನು ಇಷ್ಟೇ ಕಟ್ಟಿದ್ದನೆಂದು ತಿಳಿದುಕೊಂಡು ಮನೆಗೆ ಹೋಗುತ್ತಿತ್ತು. ಈಗಲಾದರೋ ಆ ಒರಟು ಕಟ್ಟಡಗಳು ಅಡ್ಡ ನಿಂತು, “ಇದು ಇಲ್ಲಿಗೆ ಹೇಗೆ ಬಂತು?” ಎಂಬ ಪ್ರಶ್ನೆಯನ್ನು ಹುಟ್ಟಿಸುತ್ತವೆ. ಒಂಬತ್ತನೆಯ ತರಗತಿಯ ಹುಡುಗಿಯ ಮನಸ್ಸಿನಲ್ಲಿ ಅದು ಹುಟ್ಟಿತಲ್ಲ!

ಎರಡನೆಯ ಕಾರಣ, ಕಟ್ಟಡವನ್ನೇ ಒಂದು ಪುಸ್ತಕದಂತೆ ಓದಬಹುದೆಂಬುದು. ಆ ಶತಮಾನದ ದಂಡಿನ ಮನೆಗಳ ಮಾಳಿಗೆ ಅಷ್ಟು ಎತ್ತರವೇಕೆ, ಮೊಗಸಾಲೆ ಅಷ್ಟು ಅಗಲವೇಕೆ, ಸೈನಿಕರನ್ನು ಮಹಡಿಯ ಮೇಲೆ ಮಲಗಿಸುತ್ತಿದ್ದುದೇಕೆ? ಇದಕ್ಕೆ ಉತ್ತರ ಯುದ್ಧಶಾಸ್ತ್ರದಲ್ಲಿಲ್ಲ, ವೈದ್ಯಶಾಸ್ತ್ರದಲ್ಲಿದೆ. ಭಾರತದಲ್ಲಿದ್ದ ಇಂಗ್ಲಿಷ್ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ಒಂದು ರಾಯಲ್ ಕಮಿಷನ್ ನೇಮಕವಾಯಿತು. ದಾದಿಯರ ತಾಯಿಯೆಂದು ನೀವು ಪಾಠದಲ್ಲಿ ಓದಿರುವ ಫ್ಲಾರೆನ್ಸ್ ನೈಟಿಂಗೇಲ್ ಈ ಕೆಲಸಕ್ಕಾಗಿ ಹಗಲಿರುಳು ದುಡಿದಳು. 1863ರಲ್ಲಿ ವರದಿ ಹೊರಬಂದಾಗ, ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸೈನಿಕರು ಸಾಯುತ್ತಿದ್ದರೆಂಬ ಸಂಗತಿ ತಿಳಿಯಿತು. ಅವರಲ್ಲಿ ಬಹುಮಂದಿ ರಣರಂಗದಲ್ಲಿ ಸತ್ತವರಲ್ಲ. ಕಾಲರಾ, ಆಮಶಂಕೆ, ಜ್ವರಗಳಿಂದ ಹಾಸಿಗೆಯ ಮೇಲೆ ಸತ್ತವರು.

ನೆಲದಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಆಗಿನ ವೈದ್ಯರು ನಂಬಿದ್ದರು. ಮಲೇರಿಯಾ ಎಂಬ ಹೆಸರಿಗೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದೇ ಅರ್ಥ. ಆದ್ದರಿಂದ ನೆಲದಿಂದ ಮೇಲಕ್ಕೆ ಮಲಗಿಸಬೇಕು, ಒಬ್ಬೊಬ್ಬನಿಗೆ ಇಷ್ಟಿಷ್ಟು ಗಾಳಿ ಸಿಕ್ಕುವಂತೆ ಮಾಳಿಗೆಯನ್ನು ಎತ್ತರಿಸಬೇಕು ಎಂದು ಲೆಕ್ಕ ಹಾಕಿ ಮನೆ ಕಟ್ಟಿದರು. ಜ್ವರವನ್ನು ಹರಡುವುದು ಸೊಳ್ಳೆಯೆಂಬುದಕ್ಕೆ ಆಧಾರವನ್ನು ರೊನಾಲ್ಡ್ ರಾಸ್ ಕಂಡುಕೊಂಡದ್ದು 1897ರಲ್ಲಿ, ನಮ್ಮ ಸಿಕಂದರಾಬಾದಿನಲ್ಲಿ. ಹೀಗೆ ಕಾರಣವನ್ನು ತಪ್ಪಾಗಿ ಊಹಿಸಿದರೂ ಗಾಳಿ ಬೆಳಕು ಚೆನ್ನಾಗಿ ಆಡುವ ಮನೆ ಕಟ್ಟಿದರು. ಜೂನ್ ತಿಂಗಳ ಮಧ್ಯಾಹ್ನದಲ್ಲಿ ದೆಹಲಿಯ ಲೂ ಗಾಳಿಗೆ ಸಿಕ್ಕಿ ಬಳಲಿ, ಅಲ್ಲಿನ ಮೊಗಸಾಲೆಯ ನೆರಳಿನಲ್ಲಿ ಹತ್ತು ನಿಮಿಷ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಪುಸ್ತಕದಲ್ಲಿ ಇನ್ನೊಂದು ಕಹಿಯಾದ ಪುಟವೂ ಇದೆ. ಇಷ್ಟು ಗಾಳಿ, ಇಷ್ಟು ನೆರಳು ಬೆಳ್ಳಗಿನ ಸೈನಿಕರಿಗೆ ಮಾತ್ರ. ಅದೇ ಸೈನ್ಯದ ಭಾರತೀಯ ಸಿಪಾಯಿಗೆ ಸರ್ಕಾರ ಮನೆ ಕಟ್ಟಿಸಿ ಕೊಡುತ್ತಿರಲಿಲ್ಲ. ಗುಡಿಸಲು ಹಾಕಿಕೊಳ್ಳಲು ಒಂದಿಷ್ಟು ಹಣ ಕೊಡುವುದು ವಾಡಿಕೆಯಾಗಿತ್ತು. ಮಣ್ಣು ಕಲಸಿ, ಹುಲ್ಲು ಹೊದಿಸಿ, ಅವನೇ ಕಟ್ಟಿಕೊಳ್ಳಬೇಕಾಗಿತ್ತು. ಆ ಗುಡಿಸಲುಗಳಲ್ಲಿ ಒಂದೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಲ್ಲಿನ ಮನೆ ನಿಂತಿದೆ, ಮಣ್ಣಿನ ಮನೆ ಮಣ್ಣಾಗಿದೆ. ನಿಂತದ್ದನ್ನು ನೋಡುವಾಗ ನಿಲ್ಲದೆ ಹೋದದ್ದನ್ನೂ ನೆನೆಯುವ ಅಭ್ಯಾಸ ಇತಿಹಾಸದ ವಿದ್ಯಾರ್ಥಿಗೆ ಇರಬೇಕು.

ಮೂರನೆಯ ಕಾರಣವೇ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕಟ್ಟಿದವನು ಕಟ್ಟಿದ ಉದ್ದೇಶಕ್ಕೇ ಕಟ್ಟಡ ಕೊನೆಯವರೆಗೂ ಬಿದ್ದಿರುವುದಿಲ್ಲ. ಮನುಷ್ಯರಿಗಿರುವಂತೆ ಮನೆಗಳಿಗೂ ಒಂದು ಜೀವಮಾನವುಂಟು. ಅದರಲ್ಲಿ ಏಳುಬೀಳುಗಳೂ ಉಂಟು. 1945ರ ನವೆಂಬರ್ 5ರಂದು ಈ ಕೋಟೆಯೊಳಗಿನ ಒಂದು ಸೇನಾಕಟ್ಟಡದಲ್ಲಿ ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳ ವಿಚಾರಣೆ ಆರಂಭವಾಯಿತು. ಷಾ ನವಾಜ್ ಖಾನ್, ಪ್ರೇಮ್ ಕುಮಾರ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್. ಒಬ್ಬ ಮುಸಲ್ಮಾನ, ಒಬ್ಬ ಹಿಂದೂ, ಒಬ್ಬ ಸಿಖ್. ಬಹಾದೂರ್ ಷಹನನ್ನು ವಿಚಾರಿಸಿದ ಕೋಟೆಯಲ್ಲಿಯೇ ಇವರನ್ನೂ ವಿಚಾರಿಸಿದರೆ ಜನ ಬೆದರಿಯಾರೆಂದು ಸರ್ಕಾರ ಎಣಿಸಿದ್ದಿರಬಹುದು. ಆದದ್ದು ಅದಕ್ಕೆ ವಿರುದ್ಧ. ಭೂಲಾಭಾಯಿ ದೇಸಾಯಿಯವರು ಆಪಾದಿತರ ಪರವಾಗಿ ವಾದಿಸಿದರು. ಜವಾಹರಲಾಲ್ ನೆಹರೂ ಅವರು ಬಹು ವರ್ಷಗಳ ಹಿಂದೆಯೇ ಬಿಟ್ಟಿದ್ದ ವಕೀಲರ ಗೌನನ್ನು ಮತ್ತೆ ತೊಟ್ಟು ಬಂದು ಕುಳಿತರು. ಇಡೀ ದೇಶ ಆ ಕೋಟೆಯ ಕಡೆಗೆ ಕಿವಿಗೊಟ್ಟಿತು. ಮೂವರಿಗೂ ಆಜೀವ ಗಡೀಪಾರಿನ ಶಿಕ್ಷೆಯಾಯಿತು. ಆದರೆ ಜನಾಭಿಪ್ರಾಯದ ಮುಂದೆ ಸೇನಾಧಿಪತಿಯು ಆ ಶಿಕ್ಷೆಯನ್ನು ಜಾರಿಗೆ ತರಲಾರದೆ ಹೋದನು. 1946ರ ಜನವರಿಯ ಮೊದಲ ವಾರದಲ್ಲಿ ಅವರು ಬಿಡುಗಡೆ ಹೊಂದಿದರು. ಇನ್ನೊಂದು ವರ್ಷ ಕಳೆದು, 1947ರ ಆಗಸ್ಟ್ 16ರಂದು ನೆಹರೂ ಅವರು ಅದೇ ಕೋಟೆಯ ಮೇಲೆ ತ್ರಿವರ್ಣ ಧ್ವಜವನ್ನು ಏರಿಸಿದರು. ಹೆದರಿಸುವುದಕ್ಕೆಂದು ಹಿಡಿದಿಟ್ಟುಕೊಂಡ ಜಾಗ ಧೈರ್ಯ ಹೇಳುವ ಜಾಗವಾಯಿತು.

ಆಮೇಲೆಯೂ ಆ ಮನೆಗಳು ಬರಿದಾಗಲಿಲ್ಲ. ಸ್ವತಂತ್ರ ಭಾರತದ ಸೈನ್ಯ ಅಲ್ಲಿ ನೆಲೆಸಿತು. 2003ರ ಡಿಸೆಂಬರಿನವರೆಗೂ ಇತ್ತು. ನಮ್ಮ ನೆರೆಮನೆಯಲ್ಲಿ ಕೊಡಗಿನವರಾದ ನಿವೃತ್ತ ಸುಬೇದಾರರು ಒಬ್ಬರಿದ್ದಾರೆ. ಅವರು ತಮ್ಮ ನೌಕರಿಯ ಕಾಲದಲ್ಲಿ ಕೆಲವು ತಿಂಗಳು ಈ ದಂಡಿನ ಮನೆಯಲ್ಲಿ ಇದ್ದವರು. ನಾನು ಮೊಗಲರ ಅಂಗಳಗಳ ವಿಷಯವನ್ನು ಹೇಳಿ, ಈ ಕಟ್ಟಡಗಳು ನೋಡಲು ಚೆನ್ನಾಗಿಲ್ಲವೆಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ನಿಮಗೆ ಅದು ಇಂಗ್ಲಿಷರ ಮನೆ. ನನಗೆ ಅದು ನನ್ನ ಮಂಚ ಇದ್ದ ಮನೆ. ರಾತ್ರಿ ಪಹರೆ ಮುಗಿಸಿ ಬಂದು ಮೊಗಸಾಲೆಯಲ್ಲಿ ಕುಳಿತು ಮನೆಗೆ ಕಾಗದ ಬರೆಯುತ್ತಿದ್ದೆ. ಚಳಿಗಾಲದಲ್ಲಿ ಬೆರಳು ಮರಗಟ್ಟಿ ಅಕ್ಷರ ಸೊಟ್ಟಗಾಗುತ್ತಿತ್ತು. ನಮ್ಮವ್ವ ಆ ಕಾಗದಗಳನ್ನು ಇಟ್ಟುಕೊಂಡಿದ್ದಳು” ಎಂದರು. ಆ ಮಾತನ್ನು ಕೇಳಿದ ಮೇಲೆ ಆ ಕಮಾನುಗಳ ಸಾಲು ನನಗೆ ಬೇರೆಯಾಗಿಯೇ ಕಾಣತೊಡಗಿದೆ. ಇಂಗ್ಲಿಷರು ಅಲ್ಲಿದ್ದುದು ಸುಮಾರು ತೊಂಬತ್ತು ವರ್ಷ. ನಮ್ಮ ಸಿಪಾಯಿಗಳು ಇದ್ದುದು ಐವತ್ತಾರು ವರ್ಷ. ಇಷ್ಟು ಕಾಲ ವಾಸವಾಗಿದ್ದವರ ನೆನಪಿಗೆ ಆ ಗೋಡೆಗಳಲ್ಲಿ ಪಾಲಿಲ್ಲವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ನಾಲ್ಕನೆಯ ಕಾರಣ ನಮ್ಮ ನಾಡಿಗೆ ಸಂಬಂಧಿಸಿದ್ದು. ಶ್ರೀರಂಗಪಟ್ಟಣವನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ಅಲ್ಲಿಯೂ ಒಂದು ಲಾಲ್ ಮಹಲು ಇತ್ತು. ಅದು ಟಿಪ್ಪು ಸುಲ್ತಾನನ ಅರಮನೆ. 1799ರ ಮೇ 4ರಂದು ಪಟ್ಟಣ ಇಂಗ್ಲಿಷರ ವಶವಾದ ಮೇಲೆ, ಕೆಲವು ವರ್ಷಗಳಲ್ಲಿ ಆ ಅರಮನೆಯನ್ನು ಕಳಚಿಹಾಕಿದರು. ಅದರ ಮರದ ತೊಲೆಗಳು ಉದಕಮಂಡಲದ ಸಂತ ಸ್ಟೀಫನ್ನರ ಚರ್ಚಿಗೆ ಹೋದುವೆಂದು ಹೇಳುತ್ತಾರೆ. ಅರಮನೆಯ ಜಾಗದಲ್ಲಿ ಇಂದು ತಳಪಾಯದ ಅವಶೇಷಗಳ ಹೊರತು ಬೇರೇನಿಲ್ಲ. ದೆಹಲಿಗಿಂತ ಅರ್ಧಶತಮಾನ ಮೊದಲೇ ನಮ್ಮಲ್ಲಿ ಅದೇ ನಾಟಕ ನಡೆದಿತ್ತು. ಅಲ್ಲಿಯೂ ಗಟ್ಟಿಯಾಗಿ ಉಳಿದವು ಸೈನ್ಯದ ಕಟ್ಟಡಗಳೇ: ಕೋಟೆಯ ಗೋಡೆ, ನೆಲದಡಿಯ ಸೆರೆಮನೆ, ಇಟ್ಟಿಗೆ ಗಾರೆಗಳಿಂದ ಕಟ್ಟಿದ ಮದ್ದಿನ ಮನೆಗಳು.

ಆ ಮದ್ದಿನ ಮನೆಗಳಲ್ಲಿ ಒಂದು ರೈಲ್ವೆ ನಿಲ್ದಾಣದ ಸಮೀಪದಲ್ಲಿತ್ತು. ಬೆಂಗಳೂರು ಮೈಸೂರುಗಳ ನಡುವೆ ಜೋಡಿ ಹಳಿ ಹಾಕುವ ಕೆಲಸ ಬಂದಾಗ ಅದು ದಾರಿಗೆ ಅಡ್ಡವಾಯಿತು. ಹಿಂದಿನ ಕಾಲವಾಗಿದ್ದರೆ ಒಂದು ಬೆಳಗಿನ ಹೊತ್ತಿಗೆ ಅದರ ಕಥೆ ಮುಗಿಯುತ್ತಿತ್ತು. ಆದರೆ ಹಾಗಾಗಲಿಲ್ಲ. ಕಟ್ಟಡದ ಸುತ್ತಲೂ ನೆಲವನ್ನು ಅಗೆದು, ಅಡಿಯಲ್ಲಿ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕುಗಳಿಂದ ಎಲ್ಲ ಕಡೆಯೂ ಏಕಪ್ರಕಾರವಾಗಿ ಮೇಲೆತ್ತಿ, ಸುಮಾರು ಸಾವಿರ ಟನ್ ಭಾರದ ಆ ಮನೆಯನ್ನು ಇಡಿಯಾಗಿ ನೂರು ಮೀಟರಿಗೂ ಮಿಗಿಲಾದ ದೂರಕ್ಕೆ 2017ರಲ್ಲಿ ಸರಿಸಿ ಇಟ್ಟರು. ರೈಲೂ ಓಡಿತು, ಮದ್ದಿನ ಮನೆಯೂ ಉಳಿಯಿತು. ನೀವು ಬೇಸಗೆಯ ರಜೆಗೆ ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದಲ್ಲಿ ಕಿಟಕಿಯಿಂದ ಹೊರಗೆ ನೋಡಿ. ಹಳೆಯದು ಮತ್ತು ಹೊಸದು ಎದುರುಬದುರಾದಾಗ ಹಳೆಯದೇ ಸಾಯಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಅದೊಂದು ನಿದರ್ಶನ. ನಮ್ಮ ದೊರೆ ಕಟ್ಟಿದ ಮದ್ದಿನ ಮನೆಗೆ ಇಷ್ಟು ಗೌರವ ತೋರಿದ ನಾವು, ಪರಕೀಯರು ಕಟ್ಟಿದ ದಂಡಿನ ಮನೆಯನ್ನು ಮಾತ್ರ ಕಟ್ಟಿದವರ ಜಾತಕ ನೋಡಿ ಕೆಡವಬೇಕೆಂದರೆ, ಆಗ ಇತಿಹಾಸದ ಅರ್ಧ ಪುಟಗಳನ್ನು ಹರಿದು ಉಳಿದರ್ಧವನ್ನು ಓದಿದಂತಾಗುತ್ತದೆ.

ಇನ್ನು ದುರಸ್ತಿಯ ವಿಷಯವಾಗಿ ಒಂದೆರಡು ಮಾತು. ನಮ್ಮ ಭಾಷೆಯಲ್ಲಿ ಜೀರ್ಣೋದ್ಧಾರವೆಂಬ ಒಳ್ಳೆಯ ಶಬ್ದವಿದೆ. ಆದರೆ ದೇವಸ್ಥಾನದ ಜೀರ್ಣೋದ್ಧಾರವೆಂದರೆ ಅನೇಕ ವೇಳೆ ಹಳೆಯ ಗೋಡೆಯನ್ನು ತೆಗೆದು ಹೊಸದನ್ನು ಕಟ್ಟಿ, ಕಣ್ಣು ಕುಕ್ಕುವ ಬಣ್ಣ ಬಳಿಯುವುದೆಂದು ಅರ್ಥವಾಗಿದೆ. ಸ್ಮಾರಕದ ಸಂರಕ್ಷಣೆ ಹಾಗಲ್ಲ. ಅದು ವೈದ್ಯನ ಕೆಲಸ. ರೋಗವನ್ನು ಗುಣಪಡಿಸಬೇಕೇ ಹೊರತು ರೋಗಿಯ ಮುಖವನ್ನು ಬದಲಾಯಿಸಬಾರದು. ಹಳೆಯ ಕಟ್ಟಡಗಳನ್ನು ಸುಣ್ಣದ ಗಾರೆಯಿಂದ ಕಟ್ಟಿರುತ್ತಾರೆ. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳನ್ನೂ ಇಟ್ಟಿಗೆಯ ಪುಡಿಯನ್ನೂ ಸೇರಿಸಿ, ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು ಮೊದಲಾದುವನ್ನು ಬೆರೆಸಿ, ದಿನಗಟ್ಟಲೆ ಅರೆದು ಹದಮಾಡುವ ಕ್ರಮ ನಮ್ಮ ಗಾರೆಯವರಿಗೆ ಗೊತ್ತಿತ್ತು. ಸುಣ್ಣದ ಗಾರೆ ಉಸಿರಾಡುತ್ತದೆ. ಗೋಡೆಯೊಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಹೂವಿಟ್ಟು, ಕೆಲವು ವರ್ಷಗಳಲ್ಲಿ ಇಟ್ಟಿಗೆಯೇ ಪುಡಿಯಾಗುತ್ತದೆ. ಬಲವಾಗಲೆಂದು ಹಾಕಿದ ಸಿಮೆಂಟು ಗೋಡೆಯ ಬಲವನ್ನೇ ಕಳೆಯುತ್ತದೆ. ಆದ್ದರಿಂದ ಹಳೆಯ ಕಟ್ಟಡವನ್ನು ಸರಿಪಡಿಸುವವರು, ಆಮೇಲೆ ಬಂದು ಸೇರಿದ ಅಡ್ಡಗೋಡೆ, ತಗಡು, ಸಿಮೆಂಟುಗಳನ್ನು ಮೊದಲು ಬಿಡಿಸಿ, ಮೂಲದ ಸಾಮಗ್ರಿಯಿಂದಲೇ ಗಾಯವನ್ನು ತುಂಬಬೇಕು.

ಸರಿಪಡಿಸಿದ ಮೇಲೆ ಅದಕ್ಕೊಂದು ಕೆಲಸವನ್ನೂ ಕೊಡಬೇಕು. ಬಾಗಿಲು ಹಾಕಿದ ಮನೆ ಬೇಗ ಬೀಳುತ್ತದೆಂಬುದು ಹಳ್ಳಿಯ ಅಜ್ಜಿಯರಿಗೂ ತಿಳಿದ ಸಂಗತಿ. ದಿನವೂ ಗುಡಿಸಿ, ಕಿಟಕಿ ತೆರೆದು, ಮಳೆ ಸೋರಿದರೆ ಅಂದೇ ಕಾಣುವವರಿದ್ದರೆ ಮನೆ ಬಾಳುತ್ತದೆ. ಕೆಂಪು ಕೋಟೆಯ ದಂಡಿನ ಮನೆಗಳಿಗೆ ವಸ್ತುಸಂಗ್ರಹಾಲಯದ ಕೆಲಸ ಸಿಕ್ಕಿದ್ದು ಈ ದೃಷ್ಟಿಯಿಂದಲೂ ಒಳ್ಳೆಯದು. ನೇತಾಜಿಯವರು ಕುಳಿತ ಮರದ ಕುರ್ಚಿ, ಅವರ ಖಡ್ಗ, ಅವರ ಸೈನಿಕರ ಸಮವಸ್ತ್ರಗಳು ಅಲ್ಲಿಗೆ ಬಂದುವು. 1857ರ ಸಂಗ್ರಾಮಕ್ಕೆ ಒಂದು ಮನೆ, 1919ರ ಜಲಿಯನ್‌ವಾಲಾ ಬಾಗಿನ ನೆನಪಿಗೆ ಇನ್ನೊಂದು ಮನೆ ಮೀಸಲಾಯಿತು. ಸಿಪಾಯಿಗಳ ದಂಗೆಯನ್ನು ಅಡಗಿಸಿದವರು ತಮಗಾಗಿ ಕಟ್ಟಿಕೊಂಡ ಮನೆಯಲ್ಲಿ ಆ ಸಿಪಾಯಿಗಳ ಕಥೆಯನ್ನು ನಮ್ಮ ಮಕ್ಕಳು ಓದುತ್ತಿದ್ದಾರೆ. ಇದಕ್ಕಿಂತ ಉಚಿತವಾದ ತೀರ್ಪು ಆ ಮನೆಗಳಿಗೆ ಯಾವುದಿದ್ದೀತು? ಕೆಡವುವವನ ಪಿಕಾಸಿ ಇಷ್ಟು ಚೆನ್ನಾಗಿ ಉತ್ತರ ಕೊಡಲಾರದು.

ಆದರೆ ನೋಡುವವರಲ್ಲಿ ನಾನು ಒಂದು ಕೊರತೆಯನ್ನು ಕಂಡಿದ್ದೇನೆ. ಒಳಕ್ಕೆ ಹೋದವರು ಗಾಜಿನ ಪೆಟ್ಟಿಗೆಗಳನ್ನೂ ಚಿತ್ರಗಳನ್ನೂ ನೋಡುತ್ತಾರೆ. ತಮ್ಮ ತಲೆಯ ಮೇಲಿನ ಮಾಳಿಗೆಯನ್ನೂ ಕಾಲ ಕೆಳಗಿನ ನೆಲವನ್ನೂ ನೋಡುವುದಿಲ್ಲ. ಪೆಟ್ಟಿಗೆಯೊಳಗಿನ ವಸ್ತುವನ್ನು ನಾಳೆ ಬೇರೊಂದು ಊರಿಗೆ ಒಯ್ಯಬಹುದು. ಕಟ್ಟಡವೆಂಬ ವಸ್ತು ಮಾತ್ರ ತನ್ನ ಜಾಗದಲ್ಲಿದ್ದಾಗಲೇ ಪೂರ್ಣವಾಗಿ ಮಾತನಾಡುತ್ತದೆ. ಈ ಗೋಡೆಯ ದಪ್ಪವೆಷ್ಟು, ಈ ಕಿಟಕಿ ಯಾವ ದಿಕ್ಕಿಗಿದೆ, ಇದರ ಬಾಗಿಲಲ್ಲಿ ನಿಂತರೆ ದಿವಾನ್-ಇ-ಆಮ್ ಎಷ್ಟು ದೂರದಲ್ಲಿ ಕಾಣುತ್ತದೆ, ಈ ನಡುವಣ ನೆಲದಲ್ಲಿ ಮೊದಲು ಏನಿತ್ತು, ಎಂದು ಕೇಳಿಕೊಳ್ಳುತ್ತ ನಡೆಯುವವನಿಗೆ ಮಾರ್ಗದರ್ಶಕ ಬೇಕಾಗಿಲ್ಲ.

ಕೆಂಪು ಕೋಟೆಯನ್ನು 2007ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ತಾಣವೆಂದು ಅಂಗೀಕರಿಸಿತು. ನಮ್ಮ ಸಂಮಿಶ್ರ ಸಂಸ್ಕೃತಿಯ ಸಂಪತ್ತನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನದ 51ಎ ವಿಧಿ ಹೇಳುತ್ತದೆ. 1976ರ ತಿದ್ದುಪಡಿಯಿಂದ ಅದು ಸಂವಿಧಾನಕ್ಕೆ ಸೇರಿತು. ಇವೆಲ್ಲ ದೊಡ್ಡ ಮಾತುಗಳು. ಹದಿನಾಲ್ಕು ವರ್ಷದ ಹುಡುಗ ಹುಡುಗಿಯರು ಕೋಟೆಯನ್ನು ಹೇಗೆ ಕಾಪಾಡಿಯಾರು? ಗೋಡೆಯ ಮೇಲೆ ಹೆಸರು ಗೀಚದಿರುವುದು ಒಂದು. ಅಷ್ಟಕ್ಕೇ ತೃಪ್ತರಾಗಬೇಕಾಗಿಲ್ಲ, ಇನ್ನೊಂದು ಕೆಲಸವನ್ನು ನಾನು ಸೂಚಿಸುತ್ತೇನೆ.

ಫರ್ಗುಸನ್ನನ ದುಃಖವನ್ನು ನೆನಪಿನಲ್ಲಿಡಿ ಎಂದಿದ್ದೆನಲ್ಲವೆ? ಕೆಡವುವ ಮುನ್ನ ಒಂದು ನಕ್ಷೆಯನ್ನಾದರೂ ಬರೆದಿದ್ದರೆ, ಅರಮನೆ ಹೋದರೂ ಅದರ ಆಕಾರವನ್ನು ನಾವು ಬಲ್ಲವರಾಗುತ್ತಿದ್ದೆವು. ಯಾವ ಕಟ್ಟಡ ಎಂದು ಹೋಗುತ್ತದೆಂದು ಹೇಳಲು ಬರುವುದಿಲ್ಲ. ನಿಮ್ಮ ಬೀದಿಯ ಹಳೆಯ ಹವೇಲಿ, ನಿಮ್ಮ ತಾತ ನೌಕರಿಯಲ್ಲಿದ್ದಾಗ ವಾಸವಾಗಿದ್ದ ಸರ್ಕಾರಿ ವಸತಿಗೃಹ, ಊರಿನಲ್ಲಿರುವ ನಿಮ್ಮ ತೊಟ್ಟಿಯ ಮನೆ, ಇವುಗಳಿಗೆ ಸ್ಮಾರಕವೆಂಬ ಹಲಗೆಯಿಲ್ಲ, ಕಾವಲಿಲ್ಲ. ಒಂದು ಅಳತೆ ಪಟ್ಟಿ, ಚೌಕುಳಿ ಕಾಗದ, ಸೀಸದ ಕಡ್ಡಿ, ಹಿಡಿದುಕೊಳ್ಳಲು ಜೊತೆಗೊಬ್ಬ ಗೆಳೆಯ, ಇಷ್ಟಿದ್ದರೆ ಸಾಕು. ಉದ್ದ, ಅಗಲ, ಗೋಡೆಯ ದಪ್ಪ, ಬಾಗಿಲ ಸ್ಥಾನ ಇವನ್ನು ಅಳೆದು ಬರೆಯಿರಿ. ಅಲ್ಲಿ ಇದ್ದವರು ಯಾರೆಂದು ಹಿರಿಯರನ್ನು ಕೇಳಿ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಮಂಚ ಎಲ್ಲಿತ್ತು, ಕಾಗದ ಬರೆಯಲು ಎಲ್ಲಿ ಕುಳಿತುಕೊಳ್ಳುತ್ತಿದ್ದರು ಎಂಬುದನ್ನೂ ಬಿಡಬೇಡಿ. ತಾರೀಖು ಹಾಕಿ, ಹೆಸರು ಬರೆಯಿರಿ.

ಮೊದಲ ಅಭ್ಯಾಸಕ್ಕೆ ನಮ್ಮ ಶಾಲೆಯ ಕಟ್ಟಡವೇ ಇದೆ. ಪ್ರಶ್ನೆ ಕೇಳಿದ ಹುಡುಗಿಯೂ ಅವಳ ಮೂವರು ಸಹಪಾಠಿಗಳೂ ಈಗಾಗಲೇ ಕೆಳಗಿನ ಮೊಗಸಾಲೆಯನ್ನು ಅಳೆದು ಮುಗಿಸಿದ್ದಾರೆ. ಪ್ರಾರ್ಥನೆಯ ಗಂಟೆ ತೂಗುವ ಕಂಬದಿಂದ ಗ್ರಂಥಾಲಯದ ಬಾಗಿಲವರೆಗೆ ಎಷ್ಟು ದೂರವೆಂದು ಅವರನ್ನು ಕೇಳಿದರೆ ಇಂಚಿನ ಲೆಕ್ಕದಲ್ಲಿ ಹೇಳುತ್ತಾರೆ. ಮಹಡಿಯ ಕೆಲಸ ಇನ್ನೂ ಬಾಕಿ ಇದೆ. ಶನಿವಾರ ಮಧ್ಯಾಹ್ನ ಬಿಡುವಿದ್ದವರು ಬರಬಹುದು. ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿಯಲು ಕೈಗಳು ಬೇಕಾಗಿವೆ.